ಶಾಲು ಬೇಡ, ಒಂದು ಪುಟ ಸಾಕು: ನಿವೃತ್ತರು ಜನಪ್ರತಿನಿಧಿಗಳ ಮುಂದೆ ಆರೋಗ್ಯದ ಬೇಡಿಕೆ ಇಡುವುದು ಹೇಗೆ?

ನಿವೃತ್ತ ಬ್ಯಾಂಕ್ ನೌಕರರ ಐದಾರು ನಿಯೋಗಗಳ ಜೊತೆ ನಾನು ಹೋಗಿದ್ದೇನೆ. ಎಲ್ಲ ಕಡೆ ನಡೆಯುವುದು ಹೆಚ್ಚುಕಡಿಮೆ ಒಂದೇ. ಹದಿನೈದು ಜನ ಸೇರುತ್ತೇವೆ. ಹಾರ, ಶಾಲು, ಹಣ್ಣಿನ ಬುಟ್ಟಿ. ಅಧ್ಯಕ್ಷರು ಎರಡು ಮಾತಾಡುತ್ತಾರೆ, ಹದಿನಾಲ್ಕು ಬೇಡಿಕೆಗಳ ಮನವಿ ಪತ್ರ ಕೊಡುತ್ತಾರೆ, ಫೋಟೊ ಆಗುತ್ತದೆ, ಸಂಸದರು "ಖಂಡಿತ ನೋಡೋಣ" ಅನ್ನುತ್ತಾರೆ. ಮರುದಿನ ಪೇಪರಿನಲ್ಲಿ ಫೋಟೊ. ಅಲ್ಲಿಗೆ ಮುಗಿಯಿತು.

ಒಮ್ಮೆ ಹೊರಗೆ ಚಪ್ಪಲಿ ಹಾಕಿಕೊಳ್ಳುವಾಗ ಒಳಗೆ ಕಣ್ಣು ಹೋಯಿತು. ಆಪ್ತ ಸಹಾಯಕರು ನಮ್ಮ ಲಕೋಟೆ ಬಿಡಿಸಿ ಮೊದಲ ಪುಟ ಓದಿದರು. ಎರಡನೆಯದನ್ನು ತಿರುವಿದರು. ಮೂರನೆಯದಕ್ಕೆ ಹೋಗದೆ ಹಾಗೇ ಮಡಚಿ ಮೇಜಿನ ಮೂಲೆಯ ಕಟ್ಟಿನ ಮೇಲಿಟ್ಟರು. ಆ ಕಟ್ಟು ಆಗಲೇ ಒಂದು ಗೇಣು ಎತ್ತರ ಇತ್ತು. ಅವರ ಮೇಲೆ ನನಗೆ ಸಿಟ್ಟು ಬರಲಿಲ್ಲ. ಹದಿನಾಲ್ಕರಲ್ಲಿ ಯಾವುದನ್ನು ಹಿಡಿಯಬೇಕು ಅಂತ ನಾವೇ ಹೇಳಿರಲಿಲ್ಲ ಅಲ್ವಾ?

ಅಲ್ಲಿಂದೀಚೆಗೆ ನಾನು ಕಲಿತ ಕ್ರಮ ಇದು.

ಮೊದಲು: ಒಂದೇ ಬೇಡಿಕೆ

ಎಲ್ಲ ಸಮಸ್ಯೆಗಳೂ ನಿಜವೇ. ಆದರೆ ಒಂದು ಭೇಟಿಗೆ ಒಂದೇ ಬೇಡಿಕೆ. ಉಳಿದವು ಮುಂದಿನ ಸಲಕ್ಕೆ. ಇದರಲ್ಲಿ ರಾಜಿ ಬೇಡ.

ನಮ್ಮದೇ ಉದಾಹರಣೆ ಕೊಡುತ್ತೇನೆ. 2015ರ ವೇತನ ಒಪ್ಪಂದದ ನಂತರ ಬ್ಯಾಂಕ್ ನಿವೃತ್ತರಿಗೆ ಗುಂಪು ಆರೋಗ್ಯ ವಿಮೆಗೆ ಸೇರುವ ಅವಕಾಶ ಬಂತು. ಪ್ರೀಮಿಯಂ ಮಾತ್ರ ನಾವೇ ಕಟ್ಟಬೇಕು. ಅದರ ಮೇಲೆ 18% ಜಿಎಸ್‌ಟಿ. 2025ರ ಸೆಪ್ಟೆಂಬರ್ 22ರಿಂದ ಆರೋಗ್ಯ ವಿಮೆಯ ಜಿಎಸ್‌ಟಿ ತೆಗೆದರು ಎಂದಾಗ ನಮ್ಮವರು ಸಿಹಿ ಹಂಚಿದರು. ಆಮೇಲೆ ಗೊತ್ತಾಯಿತು, ವಿನಾಯಿತಿ ಕೊಟ್ಟಿದ್ದು ವೈಯಕ್ತಿಕ ಪಾಲಿಸಿಗೆ. ಗುಂಪು ಪಾಲಿಸಿ ಅದರಲ್ಲಿ ಸೇರಿರಲಿಲ್ಲ. ಪೆನ್ಷನ್ ಹಣದಲ್ಲಿ ತಾವೇ ಪ್ರೀಮಿಯಂ ಕಟ್ಟುವ ಮುದುಕರನ್ನೂ, ಕಂಪನಿಯೇ ಪ್ರೀಮಿಯಂ ಕಟ್ಟುವ ನೌಕರರನ್ನೂ ಒಂದೇ ತಕ್ಕಡಿಯಲ್ಲಿ ತೂಗಿದಂತಾಯಿತು. ಹಾಗಾಗಿ ನಮ್ಮ ಬೇಡಿಕೆ ಇಷ್ಟೇ: ನಿವೃತ್ತರು ತಾವೇ ಕಟ್ಟುವ ಗುಂಪು ವಿಮೆಗೂ ಅದೇ ವಿನಾಯಿತಿ ಕೊಡಿ.

ಒಂದು ಬೇಡಿಕೆಗೆ ಎಷ್ಟು ಬಲ ಅಂತ ಕೇಳುವವರು ನಾಗಪುರದ ಕತೆ ನೋಡಬೇಕು. ಅಲ್ಲಿನ ಎಲ್‌ಐಸಿ ನೌಕರರ ಸಂಘ ಕೇಂದ್ರ ಸಚಿವ ನಿತಿನ್ ಗಡ್ಕರಿಯವರಿಗೆ ಮನವಿ ಕೊಟ್ಟಿತ್ತು. ಮುಖ್ಯ ಬೇಡಿಕೆ, ಜೀವ ವಿಮೆ ಮತ್ತು ಆರೋಗ್ಯ ವಿಮೆಯ ಮೇಲಿನ ಜಿಎಸ್‌ಟಿ ತೆಗೆಯಿರಿ ಎಂಬುದು. ಅದನ್ನೇ ಆಧಾರವಾಗಿಟ್ಟುಕೊಂಡು ಅವರು 2024ರ ಜುಲೈ 28ರಂದು ಹಣಕಾಸು ಸಚಿವೆ ನಿರ್ಮಲಾ ಸೀತಾರಾಮನ್ ಅವರಿಗೆ ಪತ್ರ ಬರೆದರು. ಪತ್ರ ದೇಶದ ತುಂಬ ಸುದ್ದಿಯಾಯಿತು, ಆಗಸ್ಟ್‌ನಲ್ಲಿ ವಿರೋಧ ಪಕ್ಷದವರೂ ಸಂಸತ್ತಿನ ಆವರಣದಲ್ಲಿ ಪ್ರತಿಭಟನೆ ಮಾಡಿದರು, ಒಂದು ವರ್ಷ ದಾಟಿದ ಮೇಲೆ ಜಿಎಸ್‌ಟಿ ಮಂಡಳಿ ತೀರ್ಮಾನ ಮಾಡಿತು. ಆ ಒಂದು ಪತ್ರದಿಂದಲೇ ಎಲ್ಲ ಆಯಿತು ಅಂತ ನಾನು ಹೇಳುವುದಿಲ್ಲ. ಆದರೆ ಸಂಘದ ಮನವಿ ಸಚಿವರ ಪತ್ರವಾಗಿ ಮುಂದೆ ಹೋಗಿದ್ದಂತೂ ನಿಜ.

ಆಮೇಲೆ: ಯಾರ ಬಾಗಿಲು?

ಜಾಸ್ತಿ ಜನ ಎಡವುವುದು ಇಲ್ಲಿ. ತಾಲ್ಲೂಕು ಆಸ್ಪತ್ರೆಯಲ್ಲಿ ಡಾಕ್ಟರಿಲ್ಲ ಅಂತ ಸಂಸದರ ಹತ್ತಿರ ಹೋಗುತ್ತಾರೆ, ಪಿಎಫ್ ಕಚೇರಿಯಿಂದ ಬರುವ ಇಪಿಎಸ್-95 ಪೆನ್ಷನ್ ಜಾಸ್ತಿ ಮಾಡಿ ಅಂತ ಶಾಸಕರ ಹತ್ತಿರ. ಇಬ್ಬರೂ ಶಿಫಾರಸು ಪತ್ರ ಬರೆಯಬಹುದು, ಅಷ್ಟೇ.

ಸಂವಿಧಾನದಲ್ಲಿ ಸಾರ್ವಜನಿಕ ಆರೋಗ್ಯ ಮತ್ತು ಆಸ್ಪತ್ರೆ ರಾಜ್ಯ ಪಟ್ಟಿಯಲ್ಲಿವೆ, ವಿಮೆ ಕೇಂದ್ರ ಪಟ್ಟಿಯಲ್ಲಿದೆ. ಆದ್ದರಿಂದ ಆಸ್ಪತ್ರೆ, ಔಷಧಿ, ಡಯಾಲಿಸಿಸ್ ಯಂತ್ರ, ಖಾಲಿ ಹುದ್ದೆ ಎಂದರೆ ಶಾಸಕರು. ನಿವೃತ್ತ ಶಿಕ್ಷಕರು ತಮ್ಮ ಕ್ಷೇತ್ರದ ವಿಧಾನ ಪರಿಷತ್ ಸದಸ್ಯರನ್ನು ಮರೆಯಬಾರದು. ವಿಮೆ, ಇಪಿಎಸ್-95, ಕೇಂದ್ರ ಸರ್ಕಾರಿ ನೌಕರರ ಆರೋಗ್ಯ ಯೋಜನೆಯಾದ ಸಿಜಿಎಚ್‌ಎಸ್ ಎಂದರೆ ಸಂಸದರು. ಕರ್ನಾಟಕದಿಂದ ಲೋಕಸಭೆಗೆ 28, ರಾಜ್ಯಸಭೆಗೆ 12 ಜನ ಇದ್ದಾರೆ. ರಾಜ್ಯಸಭೆಯವರ ಹತ್ತಿರ ನಮ್ಮವರು ಹೋಗುವುದೇ ಇಲ್ಲ, ಹೋಗಿ.

ಎರಡೂ ಕಡೆ ಕಾಲಿಟ್ಟಿರುವ ವಿಷಯಗಳೂ ಇವೆ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಅಂಥದ್ದು. ಅದರಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ, ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ (ಆ ಚಿಕಿತ್ಸೆಗೆ ಸರ್ಕಾರ ಗೊತ್ತುಮಾಡಿದ ದರ) 30% ಮಾತ್ರ, ಅದೂ 1.5 ಲಕ್ಷದ ಮಿತಿಯೊಳಗೆ. ಹೆಚ್ಚಿನ ಪೆನ್ಷನ್‌ದಾರರು ಎಪಿಎಲ್. 70 ತುಂಬಿದ ಎಲ್ಲರಿಗೂ ಆದಾಯ ನೋಡದೆ 5 ಲಕ್ಷ ಎಂದು 2024ರ ಅಕ್ಟೋಬರ್ 29ರಂದು ಕೇಂದ್ರ ಶುರು ಮಾಡಿದ್ದು ಬೇರೆ. ಜಿಎಸ್‌ಟಿಯೂ ಹಾಗೇ. ಮಂಡಳಿಯ ಮತದಲ್ಲಿ ಕೇಂದ್ರದ ತೂಕ ಮೂರರಲ್ಲಿ ಒಂದು ಪಾಲು, ರಾಜ್ಯಗಳದು ಎರಡು ಪಾಲು. ಹಾಗಾಗಿ ಸಂಸದರಿಗೆ ಒಂದು ಪತ್ರ, ಶಾಸಕರ ಮೂಲಕ ರಾಜ್ಯ ಸರ್ಕಾರಕ್ಕೆ ಇನ್ನೊಂದು. ಒಂದೇ ಪತ್ರದ ಜೆರಾಕ್ಸ್ ಇಬ್ಬರಿಗೂ ಕೊಡಬೇಡಿ. ಅವರವರಿಂದ ಆಗುವ ಕೆಲಸ ಬೇರೆ ಬೇರೆ.

ನಿಜವಾದ ಕೆಲಸ: ಆ ಒಂದು ಪುಟ

ಇದಕ್ಕೆ ಎರಡು ದಿನ ತೆಗೆದಿಡಿ.

ವಿಷಯ ಎಂಬ ಸಾಲಿನಲ್ಲೇ ಬೇಡಿಕೆ ಇರಲಿ. "ನಿವೃತ್ತರ ಸಮಸ್ಯೆಗಳ ಕುರಿತು" ಎಂದು ಬರೆದರೆ ಯಾರಿಗೂ ಏನೂ ಗೊತ್ತಾಗುವುದಿಲ್ಲ. "ನಿವೃತ್ತರು ಸ್ವಂತವಾಗಿ ಕಟ್ಟುವ ಗುಂಪು ಆರೋಗ್ಯ ವಿಮೆಗೆ ಜಿಎಸ್‌ಟಿ ವಿನಾಯಿತಿ ಕೋರಿ" ಎಂದು ಬರೆಯಿರಿ. ಮಾನ್ಯರೇ ಎಂದ ಮೇಲೆ ನೇರ ವಿಷಯಕ್ಕೆ ಬನ್ನಿ. ಸಂಘ ಯಾವಾಗ ಹುಟ್ಟಿತು, ಬೆಳ್ಳಿಹಬ್ಬ ಯಾವಾಗ ಆಯಿತು ಇವೆಲ್ಲ ಬೇಡ.

ಎರಡನೇ ಪ್ಯಾರಾದಲ್ಲಿ ಒಬ್ಬರೇ ಒಬ್ಬರ ಲೆಕ್ಕ. ನಮ್ಮ ಶಾಖೆಯಲ್ಲಿ ಅಟೆಂಡರ್ ಆಗಿದ್ದವರ ಹೆಂಡತಿ ಫ್ಯಾಮಿಲಿ ಪೆನ್ಷನ್ ಮೇಲೆ ಬದುಕುತ್ತಿದ್ದಾರೆ. ಅವರ ರಸೀದಿಯನ್ನು ಹಾಗೇ ಪತ್ರದಲ್ಲಿ ಇಳಿಸಿದೆವು: ಪ್ರೀಮಿಯಂ 48,000, ಜಿಎಸ್‌ಟಿ 8,640, ಒಟ್ಟು 56,640 ರೂಪಾಯಿ. ಕೆಳಗೆ ಅವರದೇ ಒಂದು ಮಾತು: "ಆ ಎಂಟು ಸಾವಿರ ನನ್ನ ನಾಲ್ಕು ತಿಂಗಳ ಶುಗರ್, ಬಿಪಿ ಮಾತ್ರೆ." ದೇಶದಲ್ಲಿ ಇಷ್ಟು ಲಕ್ಷ ನಿವೃತ್ತರಿದ್ದಾರೆ ಎಂದು ಎಲ್ಲಿಂದಲೋ ಎತ್ತಿದ ಅಂಕಿ ಹಾಕಬೇಡಿ. ಯಾರಾದರೂ ಮೂಲ ಕೇಳಿದರೆ ಇಡೀ ಪತ್ರದ ಮೇಲಿನ ನಂಬಿಕೆ ಹೋಗುತ್ತದೆ. ಆಸ್ಪತ್ರೆಯ ಖಾಲಿ ಹುದ್ದೆಯಂಥ ವಿಷಯಕ್ಕೆ ಅಂಕಿ ಬೇಕೇಬೇಕೆಂದರೆ 10 ರೂಪಾಯಿ ಕಟ್ಟಿ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ, 30 ದಿನ ಕಾಯಿರಿ, ಬಂದ ಉತ್ತರವನ್ನೇ ಲಗತ್ತಿಸಿ.

ಬಿಲ್ಲುಗಳ ವಿಷಯ ಬಂತಲ್ಲ, ಒಂದು ಮಾತು. ಮೆಡಿಕಲ್ ಶಾಪಿನ ನುಣುಪು ಕಾಗದದ ಬಿಲ್ಲು ಕೆಲವೇ ತಿಂಗಳಲ್ಲಿ ಬೆಳ್ಳಗಾಗುತ್ತದೆ. ಒಬ್ಬರು ಎರಡು ವರ್ಷದ ಬಿಲ್ಲುಗಳನ್ನು ಕೈಚೀಲದಲ್ಲಿ ಜೋಪಾನವಾಗಿ ತಂದಿದ್ದರು. ಬಿಡಿಸಿ ನೋಡಿದರೆ ಅರ್ಧಕ್ಕರ್ಧ ಖಾಲಿ ಚೀಟಿಗಳು. ಅವರ ಮುಖ ನೋಡಲಾಗಲಿಲ್ಲ. ಕೊಂಡ ದಿನವೇ ಜೆರಾಕ್ಸ್ ಮಾಡಿಸಿ.

ಮೂರನೇ ಪ್ಯಾರಾ ಎಲ್ಲಕ್ಕಿಂತ ಮುಖ್ಯ: ಅವರು ಏನು ಮಾಡಬೇಕು? "ಸೂಕ್ತ ಕ್ರಮ ಕೈಗೊಳ್ಳಬೇಕಾಗಿ ವಿನಂತಿ" ಎಂದು ಬರೆದರೆ "ಪರಿಶೀಲಿಸಿ ಕ್ರಮ ಕೈಗೊಳ್ಳಿ" ಎಂಬ ಷರಾ ಬಿದ್ದು ಕಾಗದ ಇನ್ನೊಂದು ಮೇಜಿಗೆ ಹೋಗುತ್ತದೆ. ಅದರ ಬದಲು, ಹಣಕಾಸು ಸಚಿವರಿಗೆ ಪತ್ರ ಬರೆಯಿರಿ, ಮುಂದಿನ ಅಧಿವೇಶನದಲ್ಲಿ ಈ ಪ್ರಶ್ನೆ ಕೇಳಿ ಎಂದು ಕೋರಿ, ಪ್ರಶ್ನೆಯನ್ನು ನೀವೇ ಬರೆದುಕೊಡಿ. "ನಿವೃತ್ತರು ಸ್ವತಃ ಪ್ರೀಮಿಯಂ ಭರಿಸುವ ಗುಂಪು ವಿಮೆಗೆ ವಿನಾಯಿತಿ ನೀಡುವ ಪ್ರಸ್ತಾವ ಸರ್ಕಾರದ ಮುಂದಿದೆಯೇ? ಇಲ್ಲದಿದ್ದರೆ ಕಾರಣಗಳೇನು?" ಇಷ್ಟು ಸಾಕು. ಅದಕ್ಕೂ ಮೊದಲು ಸಂಸತ್ತಿನ ವೆಬ್‌ಸೈಟಿನಲ್ಲಿ ಇದೇ ಪ್ರಶ್ನೆಗೆ ಹಿಂದೆ ಯಾರಿಗಾದರೂ ಉತ್ತರ ಕೊಟ್ಟಿದ್ದಾರಾ ನೋಡಿ.

ನನ್ನ ಗಟ್ಟಿ ಸಲಹೆ, ಚುಕ್ಕೆ ಗುರುತಿಲ್ಲದ, ಅಂದರೆ ಬರಹದಲ್ಲೇ ಉತ್ತರ ಬರುವ ಪ್ರಶ್ನೆಯನ್ನೇ ಕೇಳಿಸಿ. ಲೋಕಸಭೆಯಲ್ಲಿ ದಿನಕ್ಕೆ ಚುಕ್ಕೆ ಗುರುತಿನ ಪ್ರಶ್ನೆ (ಸದನದಲ್ಲೇ ಬಾಯಿಮಾತಿನ ಉತ್ತರ) 20, ಗುರುತಿಲ್ಲದ್ದು 230. ಟಿವಿಯಲ್ಲಿ ಕಾಣುವುದಿಲ್ಲ ನಿಜ, ಆದರೆ ಲಿಖಿತ ಉತ್ತರ ಕೈಗೆ ಸಿಗುತ್ತದೆ. ಪ್ರಶ್ನೆಗೆ ಕನಿಷ್ಠ 15 ದಿನಗಳ ಮುಂಚಿತ ನೋಟಿಸ್ ಬೇಕು, ಆದ್ದರಿಂದ ಅಧಿವೇಶನಕ್ಕೆ ಒಂದು ತಿಂಗಳಿರುವಾಗಲೇ ಪತ್ರ ತಲುಪಬೇಕು.

ಶಾಸಕರಿಗೆ ಕನ್ನಡದ ಪತ್ರ ಸಾಕು. ಸಂಸದರಿಗೆ ಕನ್ನಡದ ಜೊತೆ ಇಂಗ್ಲಿಷಿನಲ್ಲೂ ಒಂದು ಪುಟ ಕೊಡಿ, ದೆಹಲಿಗೆ ಹೋಗುವ ಪತ್ರವನ್ನು ಆಪ್ತ ಸಹಾಯಕರು ಅದನ್ನು ನೋಡಿಕೊಂಡೇ ತಯಾರಿಸುತ್ತಾರೆ. ವರ್ಡ್ ಫೈಲನ್ನೂ ಕಳಿಸಿ. ಟೈಪಿಂಗ್ ಅಂಗಡಿಯಲ್ಲಿ ಯೂನಿಕೋಡ್‌ನಲ್ಲೇ ಮಾಡಿ ಅಂತ ಒತ್ತಿ ಹೇಳಿ. ಹಳೆಯ ನುಡಿ ಫಾಂಟಿನ ಫೈಲು ಮೊಬೈಲಿನಲ್ಲಿ ತೆರೆದರೆ ಬರೀ ಗೋಜಲು ಅಕ್ಷರ ಬರುತ್ತದೆ. ನಮ್ಮ ಒಂದು ಪತ್ರ ಹೀಗೇ ಹಾಳಾಯಿತು, ಮೂರು ವಾರ ಯಾರಿಗೂ ಗೊತ್ತಾಗಲಿಲ್ಲ. ಸ್ಪೈರಲ್ ಬೈಂಡಿಂಗ್, ಬಣ್ಣದ ಪ್ಲಾಸ್ಟಿಕ್ ಫೋಲ್ಡರ್ ದುಡ್ಡು ದಂಡ. ಒಂದು ಪಿನ್ ಹೊಡೆದರೆ ಆಯಿತು.

ಸಹಿ ಪಟ್ಟಿಯಲ್ಲಿ ಹೆಸರು, ವಯಸ್ಸು, ಊರು, ವಿಧಾನಸಭಾ ಕ್ಷೇತ್ರ ಇರಲಿ. ಇವರು ನನ್ನ ಮತದಾರರು ಎಂದು ಅವರಿಗೆ ಕಾಣಬೇಕು. ಆಧಾರ್ ಜೆರಾಕ್ಸ್ ಯಾವ ಕಾರಣಕ್ಕೂ ಲಗತ್ತಿಸಬೇಡಿ.

ವಾಟ್ಸ್ಆ್ಯಪ್‌ನಲ್ಲಿ ಓಡಾಡುವ ರೆಡಿಮೇಡ್ ಪತ್ರ ಬಿಟ್ಟುಬಿಡಿ. ಮುನ್ನೂರು ಜನ ಕಳಿಸಿದರೂ ಅದು ಒಂದೇ ಪತ್ರ. ಕೈಬರಹದ ಹತ್ತು ಪೋಸ್ಟ್ ಕಾರ್ಡ್ ಅದಕ್ಕಿಂತ ಮೇಲು. "ದೆಹಲಿಯಲ್ಲಿ ನಮಗೆ ಜನ ಇದ್ದಾರೆ, ತಲೆಗೆ ಐನೂರು ಕೊಡಿ" ಅಂತ ಬರುವವರಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ.

ಭೇಟಿಯ ದಿನ

ನಾಲ್ಕು ಜನ ಸಾಕು. ಒಬ್ಬರೇ ಮಾತಾಡಲಿ, ಮೂರು ನಿಮಿಷ. ರಸೀದಿ ಯಾರದೋ ಅವರು ಜೊತೆಗಿರಲಿ. ಪಕ್ಷದ ಮಾತು ಬೇಡ. ಹೊರಡುವ ಮೊದಲು ನಿಮ್ಮ ಪ್ರತಿಯ ಮೇಲೆ ಸೀಲು, ದಿನಾಂಕ, ಆವಕ ಸಂಖ್ಯೆ (ಕಚೇರಿಗೆ ಬಂದ ಪತ್ರಕ್ಕೆ ಕೊಡುವ ನಂಬರು) ಹಾಕಿಸಿಕೊಳ್ಳಿ. ಇದಿಲ್ಲದೆ ಮುಂದೆ ಏನೂ ನಡೆಯುವುದಿಲ್ಲ.

ಅವತ್ತು ನಮ್ಮ ಜೊತೆ ಬಂದಿದ್ದ ಆ ಅಕ್ಕ ಒಂದೂ ಮಾತಾಡಲಿಲ್ಲ. ರಸೀದಿ ಬಿಡಿಸಿ ಜಿಎಸ್‌ಟಿ ಸಾಲಿನ ಕೆಳಗೆ ಬೆರಳಿಟ್ಟು ಮೇಜಿನ ಮೇಲೆ ತಳ್ಳಿದರು. ಸಂಸದರು ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರು. "ಗುಂಪು ಪಾಲಿಸಿಗೆ ಇದು ಹೋಗಿಲ್ವಾ?" ಅಂತ ಕೇಳಿದರು. ಅಷ್ಟು ವರ್ಷಗಳ ಭೇಟಿಗಳಲ್ಲಿ ನಮಗೆ ಎದುರು ಪ್ರಶ್ನೆ ಬಂದದ್ದು ಅದೇ ಮೊದಲು.

ಬಂದ ಮೇಲೆ

ಹದಿನೈದು ದಿನಕ್ಕೊಮ್ಮೆ ಆವಕ ಸಂಖ್ಯೆ ಹೇಳಿ ಆಪ್ತ ಸಹಾಯಕರಿಗೆ ಫೋನ್ ಮಾಡಿ. ಅವರ ಹೆಸರು ತಿಳಿದಿರಲಿ, ಮಾತು ಮರ್ಯಾದೆಯಿಂದಿರಲಿ. ಸಂಸದರು ಬರೆದ ಪತ್ರದ ಪ್ರತಿ ಕೇಳಿ ಪಡೆಯಿರಿ. ಸದನದಲ್ಲಿ ಸಚಿವರು "ಪರಿಶೀಲಿಸುತ್ತೇವೆ" ಎಂದರೆ ಬೇಸರ ಬೇಡ. ಅದನ್ನು ಭರವಸೆ ಎಂದು ಪರಿಗಣಿಸಿದರೆ ಮೂರು ತಿಂಗಳಲ್ಲಿ ಈಡೇರಿಸಬೇಕು, ಬೆನ್ನು ಹತ್ತಲು ಭರವಸೆಗಳ ಸಮಿತಿಯೇ ಇದೆ.

ಇಲ್ಲಿ ದಾರಿ ಮುಚ್ಚಿದರೆ ಜನರ ಅರ್ಜಿಗಳನ್ನು ಪರಿಶೀಲಿಸುವ ಅರ್ಜಿಗಳ ಸಮಿತಿ ಇದೆ, ಲೋಕಸಭೆಯಲ್ಲೂ ರಾಜ್ಯಸಭೆಯಲ್ಲೂ. ನಿವೃತ್ತ ಸೈನಿಕರ ಒಂದು ಶ್ರೇಣಿ ಒಂದು ಪಿಂಚಣಿ ಬೇಡಿಕೆ ರಾಜ್ಯಸಭೆಯ ಈ ಸಮಿತಿಗೆ ಹೋಗಿತ್ತು. ಭಗತ್ ಸಿಂಗ್ ಕೋಶಿಯಾರಿ ಅಧ್ಯಕ್ಷತೆಯ ಸಮಿತಿ 2011ರಲ್ಲಿ ಅದರ ಪರವಾಗಿ ವರದಿ ಕೊಟ್ಟಿತು, ಸರ್ಕಾರದ ಆದೇಶ ಬಂದದ್ದು 2015ರ ನವೆಂಬರ್‌ನಲ್ಲಿ. ಇಪಿಎಸ್-95 ಅರ್ಜಿಯ ಮೇಲೆ ಅದೇ ಸಮಿತಿ 2013ರಲ್ಲಿ ವರದಿ ಕೊಟ್ಟಿತು. ಮರುವರ್ಷ ಕನಿಷ್ಠ ಪೆನ್ಷನ್ 1,000 ರೂಪಾಯಿ ಆಯಿತು. ಅದು ಯಾವ ಮೂಲೆಗೂ ಸಾಲದು, 7,500 ರೂಪಾಯಿ ಮತ್ತು ಗಂಡಹೆಂಡತಿಗೆ ಉಚಿತ ಚಿಕಿತ್ಸೆ ಬೇಕೆಂದು ಆ ಪೆನ್ಷನ್‌ದಾರರು ಕೇಳುತ್ತಲೇ ಬಂದಿದ್ದಾರೆ.

ನಮ್ಮ ಸಂಸದರು ಹಣಕಾಸು ಸಚಿವರಿಗೆ ಪತ್ರ ಬರೆದರು. ಪ್ರತಿ ನಮ್ಮ ಫೈಲಿನಲ್ಲಿದೆ. ಮೂರನೇ ಸಾಲಿನಲ್ಲಿ 8,640 ಎಂಬ ಅಂಕಿ ಹಾಗೇ ಇದೆ. ಅದರ ಒಂದು ಜೆರಾಕ್ಸ್ ಆ ಅಕ್ಕನ ಮನೆಗೂ ಕೊಟ್ಟು ಬಂದಿದ್ದೇನೆ. ಸೋಮವಾರ ಮತ್ತೆ ಫೋನ್ ಮಾಡಬೇಕು.