ಮಸ್ಟಾಂಗ್ ಮೇಲೋ, ಕಮಾರೊ ಮೇಲೋ? ಅಳೆದು ನೋಡುವುದು ಹೀಗೆ

ಅಮೆರಿಕದ ಮೂರು ಜೋರು ಕಾರುಗಳ ಎಂಜಿನ್ ಶಕ್ತಿ ನೋಡಿ: ಫೋರ್ಡ್ ಮಸ್ಟಾಂಗ್ ಜಿಟಿ (2018ರ ಮಾದರಿ) 460 ಹಾರ್ಸ್‌ಪವರ್, ಷೆವರ್ಲೆ ಕಮಾರೊ ಎಸ್‌ಎಸ್ 455, ಡಾಜ್ ಚಾಲೆಂಜರ್ ಸ್ಕ್ಯಾಟ್ ಪ್ಯಾಕ್ 485. ಕಾಗದ ನೋಡಿಯೇ ತೀರ್ಪು ಕೊಡುವುದಾದರೆ ಡಾಜ್ ಗೆದ್ದಾಯಿತು, ಎದ್ದು ಊಟಕ್ಕೆ ಹೋಗಬಹುದು. ತಿರುವಿಗೆ ಇಳಿದಾಗಲೇ ಲೆಕ್ಕ ತಲೆಕೆಳಗಾಗುವುದು. ಕಮಾರೊ, ಚಾಲೆಂಜರ್ ಎರಡರ ತಯಾರಿಕೆಯೂ 2023ರ ಡಿಸೆಂಬರಿನಲ್ಲಿ ನಿಂತಿದೆ. ಹಾಗಾಗಿ ಅಮೆರಿಕದಲ್ಲಿ ಈಗ ಈ ಮೂರೂ ಒಟ್ಟಿಗೆ ಸಿಗುವುದು ಸೆಕೆಂಡ್‌ಹ್ಯಾಂಡ್ ಮಾರುಕಟ್ಟೆಯಲ್ಲೇ. ಅಲ್ಲಿರುವ ಕನ್ನಡಿಗರು ಕೊಳ್ಳುವ ಮುನ್ನ, ಇಲ್ಲಿರುವವರು ವಾದಕ್ಕೆ ಕೂರುವ ಮುನ್ನ, ಅಳತೆಯ ದಾರಿ ತಿಳಿದಿದ್ದರೆ ಒಳ್ಳೆಯದು.

ಮೊದಲು ತೂಕ. ಕಮಾರೊ, ಮಸ್ಟಾಂಗ್ ಎರಡೂ ಸುಮಾರು 1,700 ಕೆ.ಜಿ.; ಚಾಲೆಂಜರ್ 1,900 ದಾಟುತ್ತದೆ. ಶಕ್ತಿಯನ್ನು ಟನ್ನಿಗೆ ಭಾಗಿಸಿ ನೋಡಿ: ಮೊದಲೆರಡಕ್ಕೆ 270ರ ಆಸುಪಾಸು, ಡಾಜ್‌ಗೆ 250 ಚಿಲ್ಲರೆ. ಮುನ್ನಡೆ ಅಲ್ಲೇ ಕರಗಿತು. ಹಳೆಯ ಕಾರುಗಳ ಅಂಕಿಗಳನ್ನಂತೂ ಹೊಸವಕ್ಕೆ ಪಕ್ಕದಲ್ಲಿಡಲೇಬೇಡಿ. 1971ರವರೆಗೆ ಅಮೆರಿಕದವರು ಏರ್ ಫಿಲ್ಟರ್, ಸೈಲೆನ್ಸರ್ ಕಳಚಿದ ಬರೀ ಎಂಜಿನ್ನಿನ ಶಕ್ತಿಯನ್ನೇ ಜಾಹೀರಾತಿಗೆ ಹಾಕುತ್ತಿದ್ದರು. 1969ರ ಕಮಾರೊ ಝಡ್/28 ಮತ್ತು ಮಸ್ಟಾಂಗ್ ಬಾಸ್ 302, ಎರಡಕ್ಕೂ 290 ಎಂದೇ ಬರೆದಿದ್ದರು. ಎರಡೂ ಟ್ರಾನ್ಸ್-ಆ್ಯಮ್ ರೇಸಿನ 5 ಲೀಟರ್ ಎಂಜಿನ್ ಮಿತಿಗೆಂದು ಹುಟ್ಟಿದ ಕಾರುಗಳು.

ಮುಂದಿನದು ಟೈರ್. ಹೆಚ್ಚಿನ ವಾದ ಹಾಳಾಗುವುದು ಇಲ್ಲೇ. ರೇಸಿಗೆ ಹತ್ತಿರದ ಮೆತ್ತನೆಯ ರಬ್ಬರ್ ಹಾಕಿದ ಮಸ್ಟಾಂಗನ್ನು ಎಲ್ಲ ಕಾಲಕ್ಕೂ ಆಗುವ ಸಾದಾ ಟೈರಿನ ಕಮಾರೊ ಜೊತೆ ಓಡಿಸಿದರೆ ನೀವು ಹೋಲಿಸಿದ್ದು ಟೈರನ್ನು, ಕಾರನ್ನಲ್ಲ. ಒಂದೇ ದರ್ಜೆಯ ಟೈರ್, ತಣ್ಣಗಿದ್ದಾಗ ತುಂಬಿದ ಗಾಳಿ, ಒಂದೇ ದಿನ, ಒಬ್ಬನೇ ಚಾಲಕ.

ನೇರ ಓಟಕ್ಕೆ ಕಾಲು ಮೈಲಿ, ಅಂದರೆ 402 ಮೀಟರ್‌ನ ಡ್ರ್ಯಾಗ್ ಸ್ಟ್ರಿಪ್ ಸಾಕು. ಎರಡು ಅಂಕಿ ಬರೆದುಕೊಳ್ಳಿ: ಹಿಡಿದ ಸಮಯ, ಗೆರೆ ದಾಟುವಾಗಿನ ವೇಗ. ಸಮಯ ಕೆಟ್ಟು ವೇಗ ಚೆನ್ನಾಗಿದ್ದರೆ ಎಂಜಿನ್ನಿನದೇನೂ ತಪ್ಪಿಲ್ಲ, ಹೊರಡುವಾಗ ಚಕ್ರ ಸುಮ್ಮನೆ ತಿರುಗಿದೆ. ಅಮೆರಿಕದ ಪತ್ರಿಕೆಗಳು ಮೊದಲ ಒಂದು ಅಡಿಯನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ, ಅಷ್ಟರಲ್ಲೇ 0.3 ಸೆಕೆಂಡ್ ಉಳಿಯುತ್ತದೆ. ಎತ್ತರದ ಊರಿನಲ್ಲಿ ಗಾಳಿ ತೆಳು. 2016ರಿಂದ ಭಾರತಕ್ಕೂ ಬಂದ ಎಂಟು ಸಿಲಿಂಡರಿನ (ವಿ8) ಮಸ್ಟಾಂಗ್, 900 ಮೀಟರ್ ಮೇಲಿನ ಬೆಂಗಳೂರಿನಲ್ಲಿ ಚೆನ್ನೈಗಿಂತ ಹೆಚ್ಚುಕಡಿಮೆ ಹತ್ತರಲ್ಲೊಂದು ಪಾಲು ಸೊರಗುತ್ತದೆ.

ಈಗ ನನಗಿಷ್ಟವಾದ ಪರೀಕ್ಷೆ. ಅನುಮತಿ ಪಡೆದ ಖಾಲಿ ಡಾಂಬರು ಮೈದಾನ ಬೇಕು, ಸಾರ್ವಜನಿಕ ರಸ್ತೆ ಖಂಡಿತ ಬೇಡ. ನಡುವೆ ಒಂದು ಕೋನ್ ಇಟ್ಟು, 30 ಮೀಟರ್ ಹಗ್ಗ ಹಿಡಿದು ಸುತ್ತಲೂ ಸೀಮೆಸುಣ್ಣದಿಂದ ಗೆರೆ ಎಳೆಯಿರಿ. ಗೆರೆ ಬಿಡದೆ ಸುತ್ತುತ್ತಾ ನಿಧಾನಕ್ಕೆ ವೇಗ ಏರಿಸಿ. ಒಂದು ಸುತ್ತಿಗೆ 11 ಸೆಕೆಂಡ್ ಆದರೆ ಕಾರಿನ ಹಿಡಿತ ಸರಿಯಾಗಿ 1 ಜಿ (ಭೂಮಿಯ ಗುರುತ್ವದಷ್ಟೇ ಪಕ್ಕದ ಸೆಳೆತ), 11.6 ಆದರೆ 0.9. ಎಡಕ್ಕೂ ಬಲಕ್ಕೂ ಸುತ್ತಿ ಸರಾಸರಿ ತೆಗೆಯಿರಿ. ಗಡಿಯಾರಕ್ಕಿಂತ ಸ್ಟೇರಿಂಗ್ ಹೆಚ್ಚು ಮಾತಾಡುತ್ತದೆ. ಮಿತಿ ಮುಟ್ಟಿದಾಗ ಮೂತಿ ಹೊರಕ್ಕೆ ಜಾರಿತೋ, ಹಿಂಬದಿ ಬೀಸಿತೋ? ಆಕ್ಸಿಲರೇಟರ್ ತುಸು ಸಡಿಲಿಸಿದರೆ ಗೆರೆಗೆ ಮರಳುತ್ತದೋ? ಚಾಲೆಂಜರ್‌ನ ಮೂತಿಯೇ ಭಾರ, ಅದು ಮೊದಲು ಹೊರಕ್ಕೆ ಎಳೆಯುತ್ತದೆ. 2014ರವರೆಗಿನ ಬಹುತೇಕ ಮಸ್ಟಾಂಗ್‌ಗಳಿಗೆ ಹಿಂದಿನ ಎರಡೂ ಚಕ್ರ ಜೋಡಿಸುವ ಒಂದೇ ಗಟ್ಟಿ ಆಕ್ಸಲ್. ತಿರುವಿನ ನಡುವೆ ಉಬ್ಬು ಸಿಕ್ಕರೆ ಹಿಂಬದಿ ಪಕ್ಕಕ್ಕೆ ಕುಪ್ಪಳಿಸುತ್ತಿತ್ತು. 2015ರ ಮಾದರಿಯಿಂದ ಹಿಂದಿನ ಚಕ್ರಗಳಿಗೂ ಬೇರೆ ಬೇರೆ ಸಸ್ಪೆನ್ಷನ್ ಬಂತು. ಆದರೂ ಕ್ಯಾಡಿಲಾಕ್ ಎಟಿಎಸ್‌ನ ಅಡಿಪಾಯದ ಮೇಲೆ ಕಟ್ಟಿದ ಆರನೇ ತಲೆಮಾರಿನ ಕಮಾರೊ ಈ ವೃತ್ತದಲ್ಲಿ ಎಲ್ಲರಿಗಿಂತ ಹದವಾಗಿ ತಿರುಗುತ್ತದೆ ಅನ್ನುವುದು ನನ್ನ ತೀರ್ಪು.

ಬ್ರೇಕನ್ನು ಒಮ್ಮೆ ಒತ್ತಿ ನೋಡಿದರೆ ಏನೂ ತಿಳಿಯದು. 100 ಕಿ.ಮೀ. ವೇಗದಿಂದ ಎಂಟು ಸಲ ಬೆನ್ನುಬೆನ್ನಿಗೆ ನಿಲ್ಲಿಸಿ, ಪೆಡಲ್ ಮೆತ್ತಗಾಯಿತೇ ನೋಡಿ.

ಕೊನೆಗೆ, ಮೂರನ್ನೂ ರಿವರ್ಸ್‌ನಲ್ಲಿ ಪಾರ್ಕ್ ಮಾಡಿ. ಕಮಾರೊ ಕಿಟಕಿಗಳು ಅಂಚೆಪೆಟ್ಟಿಗೆಯ ಬಾಯಿಯಷ್ಟೇ. ವೃತ್ತದಲ್ಲಿ ಎಲ್ಲರನ್ನೂ ಸೋಲಿಸಿ ಬಂದವನು ಇಲ್ಲಿ ಕತ್ತು ಹೊರಳಿಸಿ, ಕ್ಯಾಮೆರಾ ದಿಟ್ಟಿಸಿ, ಕೊನೆಗೆ ಇಳಿದು ಹೋಗಿ ಹಿಂದೆ ಏನಿದೆ ಎಂದು ನೋಡಿ ಬರುತ್ತಾನೆ.