ಮೆಮೊರಿ ಕಾರ್ಡ್ ಮುರಿದಿದೆಯೇ? ಮುರಿದದ್ದು ಯಾವ ಭಾಗ ಎಂದು ಮೊದಲು ನೋಡಿ

ಎಸ್‌ಡಿ ಕಾರ್ಡ್ 32 ಮಿ.ಮೀ. ಉದ್ದ, 24 ಮಿ.ಮೀ. ಅಗಲ, 2.1 ಮಿ.ಮೀ. ದಪ್ಪ ಇರುತ್ತದೆ. ಈ ಜಾಗವೆಲ್ಲ ಒಳಗೆ ತುಂಬಿರುತ್ತದೆ ಎಂದುಕೊಳ್ಳಬೇಡಿ. ಈಚಿನ ಎಷ್ಟೋ ಕಾರ್ಡುಗಳಲ್ಲಿ ಮೆಮೊರಿ ಚಿಪ್, ಅದನ್ನು ನಡೆಸುವ ಕಂಟ್ರೋಲರ್ ಚಿಪ್ ಎರಡೂ ಪಿನ್ನುಗಳ (ಚಿನ್ನದ ಬಣ್ಣದ ಪಟ್ಟಿಗಳ) ಕಡೆಯ ಅರ್ಧದಲ್ಲೇ ಮುಗಿದುಹೋಗಿರುತ್ತವೆ, ಉಳಿದದ್ದು ಬರೀ ಪ್ಲಾಸ್ಟಿಕ್. ಹಾಗಾಗಿ ಹಿಂದಿನ ಅರ್ಧ ಮುರಿದು ಬಿದ್ದ ಕಾರ್ಡಿನಲ್ಲೂ ಫೋಟೊಗಳು ಹಾಗೇ ಉಳಿದಿರಬಹುದು. ಮೈಕ್ರೋ ಎಸ್‌ಡಿಯ ಕಥೆ ಬೇರೆ. 15 × 11 ಮಿ.ಮೀ. ಅಳತೆಯ ಆ ಚೂರಿನಲ್ಲಿ ಬೇರೆ ಕವಚ ಅಂತ ಏನೂ ಇಲ್ಲ. ಚಿಪ್‌ಗಳನ್ನೇ ಕಪ್ಪು ರಾಳದಲ್ಲಿ ಅಚ್ಚು ಹಾಕಿರುತ್ತಾರೆ. ಅಲ್ಲಿ ಮಧ್ಯಕ್ಕೆ ಬಿರುಕು ಬಂದರೆ ಒಳಗಿನ ಸಿಲಿಕಾನ್ ಕೂಡ ಸೀಳಿರುವ ಸಾಧ್ಯತೆಯೇ ಹೆಚ್ಚು.

ಏನು ಮುರಿದಿದೆ ಎಂದು ಗೊತ್ತಾಗುವವರೆಗೂ ಕಾರ್ಡನ್ನು ಯಾವ ರೀಡರಿಗೂ ಹಾಕಬೇಡಿ. "ಒಂದ್ಸಲ ಹಾಕಿ ನೋಡೋಣ" ಎಂದು ನಾಲ್ಕು ಸಲ ಹಾಕಿ ತೆಗೆದರೆ ಕೂದಲೆಳೆಯಷ್ಟಿದ್ದ ಬಿರುಕು ಪೂರ್ತಿ ಸೀಳಾಗುತ್ತದೆ. ಬಾಗಿಸಿ ಪರೀಕ್ಷೆ ಮಾಡುವುದಂತೂ ಬೇಡವೇ ಬೇಡ.

ಬಿರುಕು ಹುಡುಕುವುದು

10 ಪಟ್ಟು ದೊಡ್ಡದಾಗಿ ತೋರಿಸುವ ಲೂಪ್ ಒಂದಿದ್ದರೆ ಸಾಕು. ಕಾರ್ಡನ್ನು ಬಿಳಿ ಕಾಗದದ ಮೇಲಿಟ್ಟು ಟಾರ್ಚಿನ ಬೆಳಕನ್ನು ಪಕ್ಕದಿಂದ, ಓರೆಯಾಗಿ ಬೀಳಿಸಿ. ಶೇ 99ರ ಐಸೊಪ್ರೊಪೈಲ್ ಆಲ್ಕೋಹಾಲ್ ಒಂದು ಹನಿ ಸವರಿ, ಅದು ಆರುವಾಗ ಕಣ್ಣಿಟ್ಟು ನೋಡಿ. ಮೇಲ್ಮೈ ಮೊದಲು ಒಣಗುತ್ತದೆ. ಬಿರುಕಿದ್ದರೆ ಅದರೊಳಗಿನ ದ್ರವ ಆರಲು ಇನ್ನೂ ಸ್ವಲ್ಪ ಹೊತ್ತು ಬೇಕು, ಆ ಕ್ಷಣ ಸಣ್ಣ ಕಪ್ಪು ಗೆರೆಯೊಂದು ಕಾಣುತ್ತದೆ. ಗೆರೆ ಮೂಲೆಯಲ್ಲೇ ನಿಂತಿದ್ದರೆ ಭರವಸೆ ಇಟ್ಟುಕೊಳ್ಳಬಹುದು. ಈ ಅಂಚಿನಿಂದ ಆ ಅಂಚಿಗೆ ಹಾದುಹೋಗಿದ್ದರೆ ಮನೆಯಲ್ಲಿ ಮಾಡುವಂಥದ್ದು ಏನೂ ಉಳಿದಿಲ್ಲ.

ಆಮೇಲೆ ಮಲ್ಟಿಮೀಟರ್. ದೊಡ್ಡ ಎಸ್‌ಡಿ ಕಾರ್ಡಿನಲ್ಲಿ 4ನೇ ಪಿನ್ ವಿದ್ಯುತ್ತಿನದು, 3 ಮತ್ತು 6 ಗ್ರೌಂಡ್. ಮೈಕ್ರೋ ಎಸ್‌ಡಿಯಲ್ಲಿ 4 ವಿದ್ಯುತ್ತು, 6 ಗ್ರೌಂಡ್. ಮೀಟರನ್ನು ಕಂಟಿನ್ಯುಯಿಟಿಗೆ ಇಟ್ಟು ವಿದ್ಯುತ್ತಿನ ಪಿನ್ನಿಗೂ ಗ್ರೌಂಡಿಗೂ ಮುಟ್ಟಿಸಿದಾಗ ಬೀಪ್ ಎಂದರೆ ಒಳಗೆ ಶಾರ್ಟ್ ಆಗಿದೆ. ಅಂಥ ಕಾರ್ಡನ್ನು ರೀಡರಿಗೆ ಹಾಕಿದರೆ ಅದು ಬಿಸಿಯೇರುತ್ತದೆ, ಉಳಿದಿದ್ದ ಮಾಹಿತಿಯೂ ಹೋಗಬಹುದು. ನೇರವಾಗಿ ಡೇಟಾ ರಿಕವರಿ ಲ್ಯಾಬಿಗೇ ಕೊಡಿ.

ಕವಚ ಮಾತ್ರ ಒಡೆದಿದ್ದರೆ

ದೊಡ್ಡ ಎಸ್‌ಡಿ ಕಾರ್ಡುಗಳಲ್ಲಿ ಹೆಚ್ಚಾಗಿ ಆಗುವುದು ಇದೇ, ವಾಸಿಯಾಗುವುದೂ ಇದೇ. ಪ್ಲಾಸ್ಟಿಕ್ಕಿನ ಎರಡು ಹೋಳುಗಳ ಬೆಸುಗೆ ಬಿಟ್ಟಿರುತ್ತದೆ, ಇಲ್ಲವೇ ಪಿನ್ನುಗಳ ನಡುವಿನ ಸಣ್ಣ ಏಣುಗಳು ಮುರಿದಿರುತ್ತವೆ. ಏಣು ಮುರಿದ ಕಾರ್ಡನ್ನು ಹಾಗೇ ಹಾಕಿದರೆ ಸಾಕೆಟ್ಟಿನ ಸ್ಪ್ರಿಂಗ್ ಕಡ್ಡಿಗಳು ತುದಿಗೆ ಸಿಕ್ಕಿ ಬಗ್ಗುತ್ತವೆ, ಕ್ಯಾಮೆರಾ ರಿಪೇರಿಯ ಖರ್ಚು ಬೇರೆ.

ತೆಳು ಬ್ಲೇಡನ್ನು ಪಿನ್ನುಗಳಿಂದ ದೂರದ ಮೂಲೆಯಲ್ಲಿ ಜೋಡಣೆಯ ಗೆರೆಗೆ ಇಡಿ. 1 ಮಿ.ಮೀ.ಗಿಂತ ಒಳಗೆ ತೂರಿಸದೆ ಅಂಚಿನುದ್ದಕ್ಕೂ ಎಳೆಯುತ್ತಾ ಬನ್ನಿ. ಒಳಗಿನ ಬೋರ್ಡ್ ಹೊರಬಂದಾಗ ಬರಿಗೈಯಲ್ಲಿ ಪಿನ್ ಮುಟ್ಟಬೇಡಿ. ಪಿನ್ನುಗಳನ್ನು ಆಲ್ಕೋಹಾಲ್ ಅದ್ದಿದ ಬಟ್ಟೆಯಿಂದ ಒರೆಸಿ. ಪೆನ್ಸಿಲ್ ರಬ್ಬರ್ ಉಜ್ಜುವ ಸಲಹೆ ಎಲ್ಲ ಕಡೆ ಸಿಗುತ್ತದೆ, ಆದರೆ ಅದು ಚಿನ್ನದ ಲೇಪವನ್ನೂ ಸವೆಸುತ್ತದೆ. ಕಪ್ಪು ಕಲೆ ಬಿಡದಿದ್ದರೆ ಮಾತ್ರ, ಅದೂ ಹಗುರವಾಗಿ.

ಹೊಸ ಕವಚಕ್ಕೆ ಅದೇ ಕಂಪನಿಯ, ಅದೇ ಸರಣಿಯ ಕೆಟ್ಟ ಕಾರ್ಡೊಂದನ್ನು ಬಿಚ್ಚಿಕೊಳ್ಳಿ. ಬೆಂಗಳೂರಿನಲ್ಲಿದ್ದರೆ ಎಸ್.ಪಿ. ರೋಡಿನ ಅಂಗಡಿಗಳಲ್ಲಿ ಕೇಳಿ ನೋಡಬಹುದು. ಪಿನ್ನುಗಳು ಕವಚದ ಕಿಟಕಿಗಳಿಗೆ ಸರಿಯಾಗಿ ಬರುವಂತೆ ಬೋರ್ಡನ್ನು ಕೂರಿಸಿ, ಪಿನ್ ಇಲ್ಲದ ಬದಿಗೆ ಒಂದೇ ಪದರ ಕ್ಯಾಪ್ಟಾನ್ (ತೆಳು ಪಾಲಿಇಮೈಡ್) ಟೇಪ್ ಹಾಕಿ. ಎರಡು ಪದರವಾದರೆ ಸಾಕೆಟ್ಟಿನಲ್ಲಿ ಸಿಕ್ಕಿಕೊಳ್ಳುತ್ತದೆ. ಸೂಪರ್ ಗ್ಲೂ ಬೇಡ: ಅದು ಸಂದಿಯಲ್ಲಿ ಹರಿದು ಪಿನ್ನಿನ ಮೇಲೆ ಬರುತ್ತದೆ, ಅದರ ಆವಿಯೂ ಬಿಳಿ ಪೊರೆ ಕಟ್ಟುತ್ತದೆ. ಕವಚ ಸಿಗದಿದ್ದರೆ ಕಡಿಮೆ ಬೆಲೆಯ ಯುಎಸ್‌ಬಿ ರೀಡರ್ ಒಂದರ ಮುಚ್ಚಳ ಬಿಚ್ಚಿ, ಬೋರ್ಡನ್ನು ನೇರವಾಗಿ ಸ್ಪ್ರಿಂಗುಗಳ ಮೇಲಿಟ್ಟು, ಹಿಂದೆ ದಪ್ಪ ಕಾಗದದ ಮಡಿಕೆ ಒತ್ತಿ 2.1 ಮಿ.ಮೀ. ಸರಿಗಟ್ಟಿಸಿ. ಒಮ್ಮೆ ನಕಲು ತೆಗೆಯುವಷ್ಟು ಹೊತ್ತು ನಿಂತರೆ ಸಾಕು.

ಲಾಕ್ ಗುಂಡಿ ಮಾತ್ರ ಕಿತ್ತುಹೋಗಿದ್ದರೆ ಕ್ಯಾಮೆರಾ "ಲಾಕ್ ಆಗಿದೆ" ಎನ್ನುತ್ತದೆ. ನಮಗೆ ಬೇಕಾದದ್ದೂ ಅದೇ, ಕಾರ್ಡಿನ ಮೇಲೆ ಹೊಸದೇನೂ ಬರೆಯಬಾರದು. ಟೇಪ್ ಹಚ್ಚಿ ಸರಿಮಾಡಲು ಹೋಗಬೇಡಿ.

ಪಿನ್ ಕಿತ್ತಿದ್ದರೆ

ಎಲ್ಲ ಪಿನ್ನೂ ಅನಿವಾರ್ಯವಲ್ಲ. ಮಾಮೂಲಿ ರೀಡರುಗಳು ನಾಲ್ಕು ಡೇಟಾ ತಂತಿಗಳನ್ನು ಬಳಸುತ್ತವೆ, ಆದರೆ ಎಸ್‌ಪಿಐ ಎಂಬ ಸರಳ, ನಿಧಾನದ ವಿಧಾನದಲ್ಲಿ ದೊಡ್ಡ ಕಾರ್ಡಿನ 8 ಮತ್ತು 9ನೇ ಪಿನ್ ಇಲ್ಲದೆಯೂ ಓದಬಹುದು. ಒಂದು ಮೈಕ್ರೋಕಂಟ್ರೋಲರ್ ಬೋರ್ಡಿಗೆ 1, 2, 5, 7ನೇ ಪಿನ್, ವಿದ್ಯುತ್ತು, ಗ್ರೌಂಡ್ ಇಷ್ಟನ್ನು 0.1 ಮಿ.ಮೀ. ಎನಾಮಲ್ ತಂತಿಯಿಂದ ಬೆಸೆಯಿರಿ. ವೋಲ್ಟೇಜ್ 3.3 ಮಾತ್ರ. 5 ವೋಲ್ಟ್ ಕೊಟ್ಟರೆ ಕಾರ್ಡ್ ಅಲ್ಲಿಗೇ ಮುಗಿಯಿತು. ವೇಗ ಬಹಳ ಕಡಿಮೆ, ರಾತ್ರಿಯಿಡೀ ಓಡಬೇಕಾಗಬಹುದು. ಕೈನಡುಕ ಇರುವವರು ಇದಕ್ಕೆ ಇಳಿಯಬೇಡಿ.

ಓದಲು ಬಂದ ಕೂಡಲೇ

ವಿಂಡೋಸ್ "ಫಾರ್ಮ್ಯಾಟ್ ಮಾಡಲೇ?" ಎಂದು ಕೇಳಿದರೆ ಬೇಡ ಎನ್ನಿ. ದೋಷ ತಿದ್ದುವ ಚೆಕ್ ಡಿಸ್ಕ್ ಕೂಡ ಬೇಡ. ಅದು ಕಾರ್ಡಿನ ಮೇಲೆಯೇ ಬರೆಯುತ್ತದೆ. ಮೊದಲು ಗಾತ್ರ ನೋಡಿ. 64 ಜಿಬಿ ಕಾರ್ಡ್ ವಿಂಡೋಸ್‌ನಲ್ಲಿ 59 ಜಿಬಿ ಚಿಲ್ಲರೆ ತೋರಿಸಬೇಕು. ಸೊನ್ನೆಯನ್ನೋ ಕೆಲವೇ ಎಂಬಿಯನ್ನೋ ತೋರಿಸಿದರೆ ಕಂಟ್ರೋಲರಿಗೆ ಮೆಮೊರಿ ಚಿಪ್ ಸಿಗುತ್ತಿಲ್ಲ ಎಂದರ್ಥ. ಆಗ ಯಾವ ರಿಕವರಿ ಸಾಫ್ಟ್‌ವೇರ್ ಕೊಂಡರೂ ದುಡ್ಡು ದಂಡ.

ಗಾತ್ರ ಸರಿ ಇದ್ದರೆ ಫೈಲುಗಳನ್ನು ಒಂದೊಂದಾಗಿ ಕಾಪಿ ಮಾಡಲು ಕೂರಬೇಡಿ. ಲಿನಕ್ಸ್‌ನಲ್ಲಿ ಡಿಡಿರೆಸ್ಕ್ಯೂ ಎಂಬ ಪ್ರೋಗ್ರಾಂ ಬಳಸಿ ಇಡೀ ಕಾರ್ಡಿನ ಇಮೇಜ್ (ಇದ್ದದ್ದು ಇದ್ದಂತೆ ಒಂದೇ ಫೈಲಿನ ನಕಲು) ತೆಗೆಯಿರಿ. ಮೊದಲ ಸುತ್ತಿಗೆ ಹೈಫನ್ ಎನ್ (-n) ಆಯ್ಕೆ ಕೊಟ್ಟರೆ ಕೆಟ್ಟ ಜಾಗಗಳನ್ನು ಬಿಟ್ಟು ಸಲೀಸಾಗಿ ಬರುವುದನ್ನೆಲ್ಲ ಮೊದಲು ಎಳೆದುಕೊಳ್ಳುತ್ತದೆ. ಎರಡನೇ ಸುತ್ತಿನಲ್ಲಿ ಅದನ್ನು ತೆಗೆದು, ಮೂರು ಮರುಪ್ರಯತ್ನ ಸಾಕು. ಎಲ್ಲಿಯವರೆಗೆ ಓದಿಯಾಯಿತು ಎಂದು ಬರೆದಿಡುವ ಮ್ಯಾಪ್ ಫೈಲ್ ಕೊಡಲು ಮರೆಯದಿರಿ. ನಡುವೆ ಸಂಪರ್ಕ ತಪ್ಪಿದರೂ ನಿಂತಲ್ಲಿಂದ ಮುಂದುವರಿಯುತ್ತದೆ. ಮೂಲ ಯಾವುದು, ಗುರಿ ಯಾವುದು ಎಂಬುದನ್ನು ಎಂಟರ್ ಒತ್ತುವ ಮೊದಲು ಎರಡು ಸಲ ಓದಿ. ಅದಲುಬದಲಾದರೆ ಫೋಟೊಗಳ ಸಮಾಧಿ ನಿಮ್ಮ ಕೈಯಿಂದಲೇ. ಸೆಕೆಂಡಿಗೆ 20 ಎಂಬಿ ವೇಗದಲ್ಲಿ 64 ಜಿಬಿಗೆ ಹೆಚ್ಚುಕಡಿಮೆ 55 ನಿಮಿಷ. ಅಷ್ಟು ಹೊತ್ತೂ ಕಾರ್ಡನ್ನು ಅಲುಗಿಸಬೇಡಿ.

ಕಳೆದ ಫೈಲುಗಳನ್ನು ಹುಡುಕಿ ತೆಗೆಯುವ ಫೋಟೊರೆಕ್ ಪ್ರೋಗ್ರಾಂ ಓಡಿಸುವುದು ಆ ಇಮೇಜಿನ ಮೇಲೆ. ಅದು ಹಳೆಯ ಫೈಲ್ ಹೆಸರುಗಳನ್ನು ಕೊಡುವುದಿಲ್ಲ, ತುಂಡುತುಂಡಾಗಿ ಬರೆದ ವಿಡಿಯೊಗಳಲ್ಲಿ ಎಡವುತ್ತದೆ. ಆಂಡ್ರಾಯ್ಡ್ ಫೋನಿನಲ್ಲಿ ಕಾರ್ಡನ್ನು ಇಂಟರ್ನಲ್ ಸ್ಟೋರೇಜ್ ಆಗಿ ಬಳಸಿದ್ದರೆ ಅದರಲ್ಲಿರುವುದೆಲ್ಲ ಎನ್‌ಕ್ರಿಪ್ಟ್ ಆಗಿರುತ್ತದೆ, ಕೀಲಿ ಆ ಫೋನಿನೊಳಗೇ ಇರುತ್ತದೆ. ಫೋನನ್ನು ರೀಸೆಟ್ ಮಾಡಿಬಿಟ್ಟರೆ ಲ್ಯಾಬಿನವರೂ ಕೈಚೆಲ್ಲುತ್ತಾರೆ.

ಲ್ಯಾಬಿನಲ್ಲಿ ನಡೆಯುವುದು

ಕಂಟ್ರೋಲರ್ ಸತ್ತು ಮೆಮೊರಿ ಬದುಕಿದ್ದರೆ, ಮೈಕ್ರೋ ಎಸ್‌ಡಿಯ ಪಿನ್ ಬದಿಯ ಬಣ್ಣವನ್ನು ಫೈಬರ್‌ಗ್ಲಾಸ್ ಪೆನ್ನಿನಿಂದ ಕೆರೆದು, ಕೆಳಗಿರುವ ಸಣ್ಣ ತಾಮ್ರದ ಬಿಂದುಗಳನ್ನು ಹೊರತರುತ್ತಾರೆ. ಅಲ್ಲಿಗೆ ಎಂಟು ಡೇಟಾ ತಂತಿ, ಜೊತೆಗೆ ನಿಯಂತ್ರಣದ ತಂತಿಗಳನ್ನು ಬೆಸೆದು ಪಿಸಿ-3000 ಫ್ಲ್ಯಾಶ್‌ನಂಥ ಉಪಕರಣದಿಂದ ಮೆಮೊರಿಯನ್ನು ನೇರ ಓದುತ್ತಾರೆ. ಯಾವ ಬಿಂದು ಯಾವುದರದು ಎಂಬುದು ಮಾಡೆಲ್‌ನಿಂದ ಮಾಡೆಲ್‌ಗೆ ಬದಲಾಗುತ್ತದೆ. ಓದಿದ ಮೇಲೂ ದೋಷ ತಿದ್ದಬೇಕು, ಕಂಟ್ರೋಲರ್ ಕಲಸಿಟ್ಟ ಬಿಟ್‌ಗಳನ್ನು ಬಿಡಿಸಬೇಕು, ಬ್ಲಾಕ್‌ಗಳನ್ನು ಸರಿಯಾದ ಸಾಲಿಗೆ ತರಬೇಕು. ಬೆಲೆ ಜಾಸ್ತಿ ಎನಿಸಿದರೆ ಕಾರಣ ಈ ದುಡಿಮೆ. ಮೈಕ್ರೋ ಎಸ್‌ಡಿಯ ಕೆಲಸ ಅವರಲ್ಲೇ ಆಗುತ್ತದೆಯೋ ಬೇರೆಯವರಿಗೆ ಕಳಿಸುತ್ತಾರೋ, ಡೇಟಾ ಬರದಿದ್ದರೂ ಹಣ ಕೊಡಬೇಕೋ ಎಂಬುದನ್ನು ಮೊದಲೇ ಕೇಳಿಕೊಳ್ಳಿ. ಕಾರ್ಡಿನ ಎರಡೂ ಬದಿಯ ಸ್ಪಷ್ಟ ಫೋಟೊ ಕಳಿಸಿದರೆ ಆ ಮಾಡೆಲ್ ಅವರಿಗೆ ಗೊತ್ತಿದೆಯೇ ಎಂದು ಹೇಳಬಲ್ಲರು.

ಕೊರಿಯರಿನಲ್ಲಿ ಕಳಿಸುವಾಗ ಬರೀ ಲಕೋಟೆ ಸಾಲದು, ಸೀಲು ಬೀಳುವ ಏಟಿಗೇ ಕಾರ್ಡ್ ಎರಡು ಹೋಳಾದೀತು. ಗಟ್ಟಿ ಪ್ಲಾಸ್ಟಿಕ್ ಡಬ್ಬಿಯಲ್ಲಿ, ಆ್ಯಂಟಿ-ಸ್ಟ್ಯಾಟಿಕ್ ಚೀಲದೊಳಗೆ, ಅಲುಗಾಡದಂತೆ ಸ್ಪಂಜು ಕೊಟ್ಟು ಇಡಿ. ಪಿನ್ನುಗಳಿಗೆ ಟೇಪ್ ಅಂಟಿಸಬೇಡಿ. ಉದುರಿದ ಚೂರುಗಳಿದ್ದರೆ ಅವನ್ನೂ ಬೇರೆ ಪೊಟ್ಟಣದಲ್ಲಿ ಜೊತೆಗೇ ಕಳಿಸಿ.