ಮಲ್ಪೆಗೆ ದುಡಿಯಲು ಹೋಗುವವರು ಗುಡುಗು ಬಂದಾಗ ಏನು ಮಾಡಬೇಕು?

ತೊಗರಿ ರಾಶಿ ಮುಗಿದರೆ ನಮ್ಮ ಯಾದಗಿರಿ ಕಡೆಯ ಹುಡುಗರು ಮಲ್ಪೆ, ಮಂಗಳೂರಿನ ಬಸ್ಸು ಹತ್ತುತ್ತಾರೆ. ನಾನೂ ಆರು ವರ್ಷ ಮಲ್ಪೆಯಲ್ಲಿ ಬೋಟಿನ ಕೆಲಸ ಮಾಡಿದವನು. ಈ ಸಲ ನನ್ನ ತಮ್ಮ ಹೊರಟಿದ್ದಾನೆ. ಅವನಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ.

ಮೊದಲು ಮರದ ಆಸೆ ಬಿಡಿ. ಹೊಲದಲ್ಲಿ ಮಳೆ ಬಂದರೆ ನಮ್ಮ ಕಾಲು ತಾನಾಗಿಯೇ ಬೇವಿನ ಮರದ ಕಡೆ ಓಡುತ್ತವೆ, ಅಲ್ವಾ? ಅದೇ ರೂಢಿಯಲ್ಲಿ ಮೊದಲ ವರ್ಷ ನಾವು ಮೂವರು ತೆಂಗಿನ ಮರದ ಬುಡದಲ್ಲಿ ನಿಂತಿದ್ದೆವು. ಹತ್ತು ಮಾರು ಆಚೆಯ ಮರಕ್ಕೆ ಸಿಡಿಲು ಬಡಿಯಿತು. ಅಂಥ ಮಳೆಯಲ್ಲೂ ಸುಳಿ ಹೊತ್ತಿ ಉರಿಯಿತು. ನನಗೆ ಎರಡು ದಿನ ಕಿವಿ ಸರಿಯಾಗಿ ಕೇಳಲಿಲ್ಲ. ಮರಕ್ಕೆ ಬಿದ್ದ ಸಿಡಿಲು ಪಕ್ಕದಲ್ಲಿ ನಿಂತವನಿಗೂ ಹಾರುತ್ತದೆ, ನೆಲದಲ್ಲೂ ಹರಿಯುತ್ತದೆ.

ಏಪ್ರಿಲ್, ಮೇನಲ್ಲಿ ಮಧ್ಯಾಹ್ನದ ಮೇಲೆ ಪೂರ್ವಕ್ಕೆ ಕಣ್ಣಿಟ್ಟಿರಿ. ಹೊಸಬರು ಸುಮ್ನೆ ಕಡಲನ್ನೇ ನೋಡುತ್ತಿರುತ್ತಾರೆ. ಆ ತಿಂಗಳುಗಳ ಗುಡುಗು ಮಳೆ ಜಾಸ್ತಿ ಘಟ್ಟದ ಮೇಲೆ ಕಟ್ಟಿಕೊಂಡು ಬೆನ್ನ ಹಿಂದಿನಿಂದ ಬರುತ್ತದೆ. ಮಿಂಚು ಕಂಡ ಕೂಡಲೇ ಎಣಿಸಿ. ಮೂರು ಸೆಕೆಂಡಿಗೆ ಸುಮಾರು ಒಂದು ಕಿಲೋಮೀಟರ್ ಲೆಕ್ಕ. 30 ಎಣಿಸುವ ಮೊದಲೇ ಗುಡುಗಿದರೆ ಒಳಗೆ ಹೋಗಿ. ಒಳಗೆ ಅಂದರೆ ಗೋಡೆ ಇರುವ ಕಟ್ಟಡ, ಇಲ್ಲವೇ ಕಿಟಕಿ ಮುಚ್ಚಿದ ಬಸ್ಸು. ನಾಲ್ಕು ಕಂಬದ ಬಲೆ ಶೆಡ್ಡು ಲೆಕ್ಕಕ್ಕಿಲ್ಲ. ಕೊನೆಯ ಗುಡುಗು ಕೇಳಿ ಅರ್ಧ ಗಂಟೆ ಹೊರಗೆ ಬರಬೇಡಿ. ಫೋನಿನಲ್ಲಿ ದಾಮಿನಿ ಆ್ಯಪ್ ಇಟ್ಟುಕೊಳ್ಳಿ, ಹತ್ತಿರದ ಸಿಡಿಲನ್ನು ತೋರಿಸುತ್ತದೆ. ಕಡಲಿನಲ್ಲಿ ದೂರ ಹೋದರೆ ನೆಟ್‌ವರ್ಕ್ ಇರದು, ಅಲ್ಲಿ ಬೋಟು ನಡೆಸುವ ತಾಂಡೇಲ ಹೇಳಿದ್ದೇ ಮಾತು.

ಬೋಟಿನಲ್ಲೇ ಸಿಕ್ಕಿಕೊಂಡರೆ ಡೆಕ್ ಬಿಟ್ಟು ಕ್ಯಾಬಿನ್ ಸೇರಿ. ಬಲೆ ಎಳೆಯುವ ವಿಂಚು, ವಾಯರ್ ರೋಪ್, ವೈರ್‌ಲೆಸ್ ಸೆಟ್ಟು ಮುಟ್ಟಬೇಡಿ. ನೀರಿಗೆ ಕೈ ಕಾಲು ಇಳಿಬಿಡಬೇಡಿ. ಲೈಫ್ ಜಾಕೆಟ್ ಸೆಕೆ ಅಂತ ಮೂಲೆಗೆಸೆಯಬೇಡಿ. ಊರಿನ ಬಾವಿಯಲ್ಲಿ ಕಲಿತ ಈಜು ಆ ಅಲೆಗಳ ಮುಂದೆ ಏನೂ ಅಲ್ಲ.

ಮಳೆ ನಿಂತ ಮೇಲೆ ಓಣಿಯಲ್ಲಿ ನೋಡಿಕೊಂಡು ನಡೆಯಿರಿ. ತೆಂಗಿನ ಗರಿ ಬಿದ್ದು ಕರೆಂಟ್ ತಂತಿ ಹರಿದಿರುತ್ತದೆ. ದಾಟಬೇಡಿ, 1912ಕ್ಕೆ ಫೋನ್ ಮಾಡಿ.

ಇನ್ನೊಂದು ಮಾತು. ಸಿಡಿಲು ಬಡಿದವನನ್ನು ಮುಟ್ಟಿದರೆ ಶಾಕ್ ಹೊಡೆಯುತ್ತದೆ ಅಂತ ನಮ್ಮೂರಲ್ಲಿ ಈಗಲೂ ದೂರ ನಿಲ್ಲುತ್ತಾರೆ. ಅದು ಸುಳ್ಳು. 108ಕ್ಕೆ ಫೋನ್ ಮಾಡಿಸಿ. ಉಸಿರು ನಿಂತಿದ್ದರೆ ಎದೆಯ ನಡುವೆ ಎರಡೂ ಅಂಗೈ ಒಂದರ ಮೇಲೊಂದು ಇಟ್ಟು ಗಟ್ಟಿಯಾಗಿ ಒತ್ತಿ, ನಿಮಿಷಕ್ಕೆ 100ರಿಂದ 120 ಸಲ. ಕೈ ಸೋತರೆ ಪಕ್ಕದವನು ಮುಂದುವರಿಸಲಿ, ಆಂಬುಲೆನ್ಸ್ ಬರುವ ತನಕ.